ಒಂದೇ ಬೆಟ್ಟದ ಎರಡು ನೀರು

ಬೆಳಿಗ್ಗೆ ಐದು ಗಂಟೆಗೆ ಮುಂಬಯಿಯ ಭಾಂಡುಪಿನ ನಮ್ಮ ಚಾಳಿಗೆ ನೀರು ಬರುತ್ತದೆ. ಮೊದಲು ಪೈಪಿನೊಳಗೆ ಗಾಳಿ ಗೊರಗುಟ್ಟುತ್ತದೆ, ನಲ್ಲಿ ಎರಡು ಸಲ ಕೆಮ್ಮುತ್ತದೆ, ಆಮೇಲೆ ಧಾರೆ. ಹುಟ್ಟಿದಾಗಿನಿಂದ ನನಗೆ ಬೆಳಗಾಗುವುದು ಈ ಸದ್ದಿಗೇ. ಫೆಬ್ರವರಿಯ ಆ ಶನಿವಾರವೂ ಕೊಡ, ಬಕೆಟ್ ತುಂಬಿಸಿಟ್ಟು, ದಾರಿಗೆಂದು ಎರಡು ಬಾಟಲಿ ನೀರು ಹಿಡಿದುಕೊಂಡು, ಆರು ಗಂಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ನಿಂತಿದ್ದ ಮಿನಿ ಬಸ್ ಹತ್ತಿದೆ.

ಹೊರಟಿದ್ದು ನಾಸಿಕ್‌ಗೆ. ಹೋಗಲು ಸುಮಾರು 150 ಕಿಲೋಮೀಟರ್. ಬೆಳಿಗ್ಗೆ ದ್ರಾಕ್ಷಿ ತೋಟ, ಮಧ್ಯಾಹ್ನ ವೈನ್ ತಯಾರಾಗುವ ಜಾಗ, ಸಂಜೆ ಗೋದಾವರಿಯ ಹಿನ್ನೀರಿನಲ್ಲಿ ದೋಣಿ ವಿಹಾರ, ರಾತ್ರಿ ಮರಳಿ ಮನೆ. ಉದ್ದಕ್ಕೂ ಜೊತೆಗೊಬ್ಬ ಗೈಡ್. ನಮ್ಮ ಬಸ್ಸಿನ ಹದಿನೆಂಟು ಮಂದಿಯೂ ಕನ್ನಡದವರೇ. ಅರ್ಧ ಜನ ನನ್ನಂತೆ ಕರಾವಳಿಯಿಂದ ಬಂದು ನೆಲೆಸಿದವರ ಮಕ್ಕಳು, ಇನ್ನರ್ಧ ವಿಜಯಪುರ, ಕಲಬುರಗಿ ಕಡೆಯವರು. ಪಕ್ಕದ ಸೀಟಿನಲ್ಲಿ ನಮ್ಮದೇ ಚಾಳಿನ ಕಾಕಾ. ಊರು ತಿಕೋಟಾ ಕಡೆ. ಮೂವತ್ತು ವರ್ಷ ಭಾಂಡುಪಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಊರಲ್ಲಿ ತಮ್ಮಂದಿರು ದ್ರಾಕ್ಷಿ ಬೆಳೆಯುತ್ತಾರೆ.

“ನಾ ಕುಡಿಯಾಂವ ಅಲ್ಲವಾ. ಇವರ ಪಡಾ ಹ್ಯಾಂಗ ಅದಾವ ನೋಡೂಣು ಅಂತ ಬಂದೀನಿ,” ಎಂದರು. ವಿಜಯಪುರದ ಕಡೆ ದ್ರಾಕ್ಷಿ ತೋಟಕ್ಕೆ ಪಡ ಎನ್ನುತ್ತಾರೆ.

ಘಾಟಿನ ನೆತ್ತಿಯಲ್ಲಿ

ಠಾಣೆ, ಭಿವಂಡಿ ದಾಟಿ ಶಹಾಪುರ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಈಗ ನಾಸಿಕ್ ಕಡೆಗೆ ಎರಡು ದಾರಿ. ಸಮೃದ್ಧಿ ಮಹಾಮಾರ್ಗದ ಕೊನೆಯ ಭಾಗ 2025ರ ಜೂನ್ 5ರಂದು ತೆರೆದ ಮೇಲೆ, ಭಿವಂಡಿ ಹತ್ತಿರದ ಆಮಣೆಯಿಂದ ಹೊರಟು, ಸುಮಾರು 8 ಕಿಲೋಮೀಟರ್ ಉದ್ದದ ಸುರಂಗ ಹೊಕ್ಕು, ಘಾಟು ಹತ್ತದೆಯೇ ಇಗತ್‌ಪುರಿ ಸೇರಬಹುದು. ನಮ್ಮ ಗೈಡ್ ನಾಸಿಕ್‌ನ ಹುಡುಗಿ. ಹಿಂದಿ, ಮರಾಠಿ ಎರಡನ್ನೂ ಬೆರೆಸಿ ಮಾತಾಡುತ್ತಿದ್ದಳು. ಹಳೆಯ ಕಸಾರಾ ಘಾಟಿನಲ್ಲೇ ಹೋಗಬೇಕೆಂದು ಡ್ರೈವರಿಗೆ ಹೇಳಿಬಿಟ್ಟಿದ್ದಳು. ಸುರಂಗದಲ್ಲಿ ಹೋದರೆ ನೀರು ಎಲ್ಲಿ ಬೇರೆಯಾಗುತ್ತದೆಂದು ನಿಮಗೆ ತೋರಿಸುವುದು ಹೇಗೆ ಎಂಬುದು ಅವಳ ಮಾತು.

ಘಾಟಿನ ತಿರುವುಗಳಲ್ಲಿ ಬಸ್ಸು ಉಸಿರು ಬಿಡುತ್ತ ಏರಿತು. 1865ರಲ್ಲಿ ಇದೇ ಘಾಟಿನಲ್ಲಿ ರೈಲು ಹತ್ತಿತ್ತು. 37 ಅಡಿಗೆ ಒಂದು ಅಡಿ ಏರುವ ಈ ಹಳಿಯಲ್ಲಿ ಗಾಡಿಗಳಿಗೆ ಹಿಂದಿನಿಂದ ಬೇರೆ ಎಂಜಿನ್ ಕಟ್ಟಿ ದೂಡಿಸಿದ್ದೂ ಉಂಟು. ನೆತ್ತಿಗೆ ಬಂದಾಗ ಗೈಡ್ ಬಸ್ಸು ನಿಲ್ಲಿಸಿದಳು. ಪಶ್ಚಿಮಕ್ಕೆ ಕೈ ತೋರಿಸಿ, ಈ ಮಗ್ಗುಲಿಗೆ ಬಿದ್ದ ಮಳೆ ಭಾತ್ಸಾ, ವೈತರಣಾ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ ಎಂದಳು. ಪೂರ್ವದ ಮಗ್ಗುಲಿಗೆ ಬಿದ್ದದ್ದು ದಾರಣಾ ನದಿಗಿಳಿದು, ಗೋದಾವರಿ ಸೇರಿ, ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿಗೆ.

ಅಲ್ಲಿ ನಿಂತಾಗ ನನಗೆ ನಮ್ಮ ಚಾಳಿನ ನಲ್ಲಿ ನೆನಪಾಯಿತು. ಭಾಂಡುಪಿನ ಗುಡ್ಡದ ಬುಡದಲ್ಲಿ ಮಹಾನಗರಪಾಲಿಕೆಯ ದೊಡ್ಡ ನೀರು ಶುದ್ಧೀಕರಣ ಸಂಕೀರ್ಣವಿದೆ. ಮುಂಬಯಿಗೆ ಏಳು ಜಲಾಶಯಗಳಿಂದ ದಿನಕ್ಕೆ 3,800 ದಶಲಕ್ಷ ಲೀಟರಿನಷ್ಟು ನೀರು ಬರುತ್ತದೆ. ಅದರ ದೊಡ್ಡ ಪಾಲು ಶುದ್ಧವಾಗಿ ನಗರಕ್ಕೆ ಹರಿಯುವುದು ಭಾಂಡುಪಿನಿಂದಲೇ. ಏಳರಲ್ಲಿ ಮೂರು ಜಲಾಶಯಗಳು ವೈತರಣಾ ನದಿಯ ಮೇಲಿವೆ: ಮೇಲಿನ ವೈತರಣಾ, 2014ರಲ್ಲಿ ಮುಗಿದ ಮಧ್ಯ ವೈತರಣಾ, 1957ರ ಮೋಡಕ್ ಸಾಗರ. ವೈತರಣಾ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದ ಬಳಿಯ ಬೆಟ್ಟಗಳಲ್ಲಿ. ಗೋದಾವರಿ ಹುಟ್ಟುವುದೂ ಅಲ್ಲೇ, ಬ್ರಹ್ಮಗಿರಿಯಲ್ಲಿ.

ಐವತ್ತು ವರ್ಷ ಕುಡಿದ ನೀರಿನ ತವರು ನಾನು ಕೇಳಿದ್ದು ಅಂದೇ ಮೊದಲು. ಒಂದೇ ಬೆಟ್ಟಸಾಲಿನಲ್ಲಿ ಹುಟ್ಟಿದ ಎರಡು ನದಿಗಳಲ್ಲಿ ಒಂದು ನಮ್ಮ ಕೊಡಕ್ಕೆ ಬಂತು, ಇನ್ನೊಂದು ದ್ರಾಕ್ಷಿಯ ಬುಡಕ್ಕೆ ಹೋಯಿತು. ಬಾಟಲಿ ತೆಗೆದು ಒಂದು ಗುಟುಕು ಕುಡಿದೆ. ಬಂದ ದಾರಿಯಲ್ಲೇ ಆ ನೀರು ಮತ್ತೆ ತವರಿಗೆ ಹತ್ತಿ ಬಂದಿತ್ತು.

ಕಾಕಾ ಮುಟ್ಟಿ ನೋಡಿದ ಗೊಂಚಲು

ನಾಸಿಕ್‌ನಲ್ಲಿ ಮಿಸಳ್ ಪಾವ್ ತಿಂದು ಗಂಗಾಪುರ ಅಣೆಕಟ್ಟಿನ ಕಡೆ ತಿರುಗಿದೆವು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನೆಲ. ಚಳಿಗಾಲದಲ್ಲಿ ಹಗಲು ಬಿಸಿಲು, ರಾತ್ರಿ ಒಳ್ಳೆಯ ತಂಪು. ಬಿಸಿಲಿಗೆ ಹಣ್ಣು ಸಿಹಿಯಾಗುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ವೈನಿಗೆ ಇವೆರಡೂ ಬೇಕು.

ಇಲ್ಲಿ ಊಟದ ದ್ರಾಕ್ಷಿ ಬಹಳ ಹಿಂದಿನಿಂದಲೂ ಇತ್ತು. ವೈನ್ ದ್ರಾಕ್ಷಿಗೆ ಹೆಸರು ತಂದವರು ರಾಜೀವ್ ಸಾಮಂತ್. ಅಮೆರಿಕದಲ್ಲಿದ್ದ ಕೆಲಸ ಬಿಟ್ಟು ಬಂದು, ಗಂಗಾಪುರದ ಬಳಿ ಮನೆಯವರಿಗಿದ್ದ ಜಮೀನಿನಲ್ಲಿ 1997ರ ಹೊತ್ತಿಗೆ ಶೆನಿನ್ ಬ್ಲಾಂಕ್, ಸೊವಿನ್ಯೋ ಬ್ಲಾಂಕ್ ತಳಿಗಳನ್ನು ನೆಟ್ಟರು. ಕಂಪನಿಗೆ ತಾಯಿ ಸುಲಭಾ ಅವರ ಹೆಸರಿನಿಂದ ‘ಸುಲಾ’ ಎಂದಿಟ್ಟರು. ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆಂದೇ ನೀತಿ ತಂದಿತು. 2005ರಲ್ಲಿ ಸುಲಾದಲ್ಲಿ ಜನ ಬಂದು ರುಚಿ ನೋಡುವ ಕೋಣೆ ತೆರೆಯಿತು. ಇವತ್ತಿನ ಈ ಪ್ರವಾಸಗಳ ಬೇರು ಅಲ್ಲಿದೆ. ಆಮೇಲೆ ಸುತ್ತಮುತ್ತ, ದಿಂಡೋರಿಯ ಕಡೆ, ಇಗತ್‌ಪುರಿಯ ಕಡೆ ಹಲವು ವೈನರಿಗಳು ಎದ್ದವು.

ನಾವು ತೋಟಕ್ಕಿಳಿದಾಗ ಕೊಯ್ಲು ನಡೆದಿತ್ತು. ನಾನು ಊಹಿಸಿದ್ದು ಚಪ್ಪರದಿಂದ ಇಳಿಬಿದ್ದ ಗೊಂಚಲುಗಳನ್ನು. ಇಲ್ಲಿ ಬಳ್ಳಿಗಳು ಸೊಂಟದೆತ್ತರಕ್ಕೆ ಬೇಲಿಯ ಹಾಗೆ ಸಾಲುಸಾಲಾಗಿ ನಿಂತಿದ್ದವು. ಕಾಕಾ ಚಪ್ಪಲಿ ಬಿಟ್ಟು ಸಾಲಿನೊಳಗೆ ಹೋದರು. ಬಳ್ಳಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಹಿಸುಕಿ ನೋಡಿದರು, ಹನಿ ನೀರಾವರಿಯ ಪೈಪನ್ನು ಬೆರಳಿನಿಂದ ಒತ್ತಿದರು, ಆಮೇಲೆ ಗೊಂಚಲಿಗೆ ಕೈಯಿಟ್ಟರು.

“ಹಣ್ಣ ಸಣ್ಣ ಅದಾವು, ತೊಗಲ ದಪ್ಪ, ಒಳಗ ಬೀಜ. ಇದನ್ನ ಪ್ಯಾಟಿಗೆ ಒಯ್ದರ ಯಾರು ತಗೋತಾರವಾ?”

ಅದನ್ನು ನಾನು ಗೈಡ್‌ಗೆ ತಿಳಿಸಿದಾಗ ಅವಳು ನಕ್ಕಳು. ಕಾಕಾ ತಪ್ಪೆಂದದ್ದೇ ಈ ಹಣ್ಣಿನ ಗುಣ. ಊಟದ ದ್ರಾಕ್ಷಿಗೆ ಬೀಜವಿರಬಾರದು, ಸಿಪ್ಪೆ ತೆಳುವಾಗಿರಬೇಕು, ಕಾಯಿ ಉಬ್ಬಬೇಕು. ಅದಕ್ಕೆಂದು ಗೊಂಚಲನ್ನು ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದುವುದೂ ಉಂಟು. ವೈನ್ ದ್ರಾಕ್ಷಿಯ ಬಣ್ಣ, ಘಮ, ಒಗರು ಬಹುಪಾಲು ಸಿಪ್ಪೆಯಲ್ಲೇ. ಹಣ್ಣು ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು. ಒಂದು ಬಾಟಲಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು ಬೇಕು.

ಕಾಕಾ ತಮ್ಮ ಲೆಕ್ಕ ಹೇಳಿದರು. ನಾಲ್ಕು ಕಿಲೋ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ. ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು: ಏಪ್ರಿಲ್‌ನಲ್ಲಿ ಕಡಿದಾಗ ಕಡ್ಡಿ ಬಲಿಯುತ್ತದೆ, ಅಕ್ಟೋಬರ್ ಹೊತ್ತಿಗೆ ಕಡಿದಾಗ ಆ ಕಡ್ಡಿಯಲ್ಲಿ ಹಣ್ಣು ಬರುತ್ತದೆ. ಮರಾಠಿಯ ಛಾಟಣಿಯೇ ನಮ್ಮವರ ಚಾಟ್ನಿ. ಗೈಡ್ ಮರಾಠಿಯಲ್ಲಿ ಅದೇ ಮಾತು ಹೇಳಿದಾಗ ಅವರಿಬ್ಬರ ನಡುವೆ ನನ್ನ ಅನುವಾದ ಬೇಕಾಗಲೇ ಇಲ್ಲ. ತಾಸಗಾವಿನ ರೈತರ ತೋಟದಲ್ಲಿ ಸಿಕ್ಕ ತಾಸ್-ಎ-ಗಣೇಶ್, ಸೊಲ್ಲಾಪುರ ಜಿಲ್ಲೆಯ ನಾನ್ನಜ್‌ನಲ್ಲಿ ಹುಟ್ಟಿದ ಸೋನಾಕಾ ತಳಿಗಳು ವಿಜಯಪುರದ ಪಡಗಳಲ್ಲೂ ಇವೆ. ರಾಜ್ಯದ ಗಡಿಯನ್ನು ದ್ರಾಕ್ಷಿಯ ಕಡ್ಡಿ ಯಾವತ್ತೋ ದಾಟಿದೆ.

“ಬ್ಯಾಸಗ್ಯಾಗ ಬಾವಿ ಬತ್ತಿದ್ರ ಟ್ಯಾಂಕರ ನೀರು ಹಾಕಿ ಬಳ್ಳಿ ಉಳಿಸ್ಕೋತೀವಿ. ಇವರಿಗೆ ಹೊಳಿ ಐತಿ, ಪುಣ್ಯವಂತರು,” ಎಂದು ಕಾಕಾ ಎದ್ದರು.

ಒಗರಿಗೆ ಕನ್ನಡವಿದೆ

ವೈನರಿಯೊಳಗೆ ಹೊಕ್ಕಾಗ ಹುದುಗಿನ ಘಮ ಮೂಗಿಗೆ ಬಂತು. ದೋಸೆ ಹಿಟ್ಟು ಉಬ್ಬಿದ ಬೆಳಗಿನ ಅಡುಗೆಮನೆಯ ನೆನಪು. ಬಿಳಿ ವೈನಿಗೆ ಹಣ್ಣನ್ನು ಹಿಂಡಿ ಸಿಪ್ಪೆ ಬೇರ್ಪಡಿಸಿ, ರಸವನ್ನಷ್ಟೇ ತಂಪಾಗಿಟ್ಟ ಉಕ್ಕಿನ ಟ್ಯಾಂಕುಗಳಲ್ಲಿ ಹುದುಗಿಸುತ್ತಾರೆ. ಕೆಂಪು ವೈನಿಗೆ ಸಿಪ್ಪೆಯೂ ರಸದ ಜೊತೆಯಲ್ಲೇ ನೆನೆಯಬೇಕು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಕೆಲವು ಕೆಂಪು ವೈನ್‌ಗಳು ಆಮೇಲೆ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಮಲಗುತ್ತವೆ. ನಮ್ಮಮ್ಮನ ಕಪಾಟಿನಲ್ಲಿ ಸದಾ ಇರುತ್ತಿದ್ದ ದ್ರಾಕ್ಷಾರಿಷ್ಟವೂ ಹುದುಗಿಸಿದ್ದೇ ಎಂದು ಪಕ್ಕದ ಅಕ್ಕ ಹೇಳಿದಾಗ, ಮುಖ ಸಿಂಡರಿಸಿಕೊಂಡಿದ್ದ ಇಬ್ಬರು ಹಿರಿಯ ಹೆಂಗಸರು ಸಡಿಲಾದರು.

ರುಚಿ ನೋಡುವ ಮೇಜಿನಲ್ಲಿ ಮೊದಲು ಕಣ್ಣು, ಆಮೇಲೆ ಮೂಗು, ಕೊನೆಗೆ ನಾಲಿಗೆ. ಬಿಳಿಯ ಸೊವಿನ್ಯೋ ಬ್ಲಾಂಕ್‌ನಲ್ಲಿ ನನಗೆ ದೋರೆ ಪೇರಳೆಯ ವಾಸನೆ ಸಿಕ್ಕಿತು. ಕೆಂಪು ಶಿರಾಜ್ ನೇರಳೆ ಹಣ್ಣಿನಂತೆ ಬಾಯೆಲ್ಲ ಒಗರಾಗಿಸಿ, ಹಿಂದೆಯೇ ಕಾಳುಮೆಣಸಿನ ಘಾಟು ಬಿಟ್ಟಿತು. ಅದು ನನ್ನ ಕರಾವಳಿ ನಾಲಿಗೆಯ ಭ್ರಮೆಯಲ್ಲ. ರೊಟುಂಡೋನ್ ಎಂಬ ಒಂದೇ ಘಮದ್ರವ್ಯ ಕಾಳುಮೆಣಸಿನಲ್ಲೂ ಶಿರಾಜ್‌ನಲ್ಲೂ ಇದೆ. ಒಗರು, ಚೊಗರು, ಹುಳಿ, ಘಾಟು ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಹೋದಂತೆ ಆ ಮೇಜು ನಮ್ಮದಾಯಿತು. ಅಡಿಕೆ, ನೆಲ್ಲಿ, ನೇರಳೆ ತಿಂದು ಬೆಳೆದ ಭಾಷೆಗೆ ವೈನಿನ ರುಚಿ ಹೇಳಲು ಪದಗಳ ಕೊರತೆಯಿಲ್ಲ.

ಕಾಕಾ ಮುಂದೆ ಒಂದು ಲೋಟ ದ್ರಾಕ್ಷಿ ರಸವಿತ್ತು. ಕುಡಿಯದವರೂ ಈ ಪ್ರವಾಸದಿಂದ ಬರಿಗೈಯಲ್ಲಿ ಮರಳಬೇಕಿಲ್ಲ. ಕುಡಿಯುವವರಿಗೆ ಕೆಲವು ಮಾತು: ವೈನಿಗೆ ಮಹಾರಾಷ್ಟ್ರದಲ್ಲಿ 21 ವರ್ಷ ತುಂಬಿರಬೇಕು. ಹೊಟ್ಟೆಗೆ ಊಟ ಬಿದ್ದ ಮೇಲೆಯೇ ಲೋಟ ಹಿಡಿಯಿರಿ, ನಾಲ್ಕಾರು ಗುಟುಕಿಗೆ ನಿಲ್ಲಿಸಿ. ಸ್ವಂತ ಕಾರಿನಲ್ಲಿ ಹೋಗಿ ರುಚಿ ನೋಡಿ ಘಾಟು ಇಳಿಯುವ ಸಾಹಸ ಬೇಡವೇ ಬೇಡ. ಬಸ್ಸು, ಗೈಡ್ ಇರುವ ಪ್ರವಾಸದ ದೊಡ್ಡ ಲಾಭ ಇದೇ. ರೈಲು ಬೇಕೆಂದರೆ ಠಾಣೆ ಅಥವಾ ಕಲ್ಯಾಣದಲ್ಲಿ ನಾಸಿಕ್ ರೋಡ್ ಕಡೆಯ ಗಾಡಿ ಹಿಡಿಯಬಹುದು. ಹಣ್ಣು ಕಾಣಬೇಕಾದರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಬೇಕು.

ಗೋದೆಯ ಮೇಲೆ

ಸಂಜೆ ಐದಕ್ಕೆ ಗಂಗಾಪುರದ ಹಿನ್ನೀರಿನಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಬೋಟ್ ಕ್ಲಬ್ ತಲಪಿದೆವು. ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತೆವು. ಇದು 1965ರಲ್ಲಿ ಮುಗಿದ ಮಣ್ಣಿನ ಅಣೆಕಟ್ಟು. ನಾಸಿಕ್ ನಗರಕ್ಕೆ ಕುಡಿಯುವ ನೀರು, ತೋಟಗಳಿಗೆ ನೀರಾವರಿ ಇಲ್ಲಿಂದಲೇ. ದೋಣಿ ನಡುನೀರಿಗೆ ಹೋದಾಗ ದಡದ ಮಾತು ನಿಂತುಹೋಯಿತು. ಸುತ್ತ ಬೋಳು ಗುಡ್ಡಗಳು, ಅವುಗಳ ಇಳಿಜಾರಿನಲ್ಲಿ ಹಸಿರು ಸಾಲುಗಳು, ಪಶ್ಚಿಮದಲ್ಲಿ ತ್ರ್ಯಂಬಕದ ದಿಕ್ಕು.

ಅಲ್ಲಿಂದ ಅರಬ್ಬೀ ಸಮುದ್ರ 80 ಕಿಲೋಮೀಟರಿನಷ್ಟು ಹತ್ತಿರ. ಗೋದಾವರಿ ಅದಕ್ಕೆ ಬೆನ್ನು ತಿರುಗಿಸಿ 1,465 ಕಿಲೋಮೀಟರ್ ನಡೆಯುತ್ತಾಳೆ. ಕೆಳಗೆ ಪಂಚವಟಿಯ ರಾಮಕುಂಡದಲ್ಲಿ ಜನ ಮೀಯುತ್ತಾರೆ. ಇನ್ನೂ ಕೆಳಗೆ ನಾಂದೂರ್ ಮಧ್ಯಮೇಶ್ವರದಲ್ಲಿ ವಲಸೆ ಹಕ್ಕಿಗಳು ಇಳಿಯುತ್ತವೆ. ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುನೆಲ, ಅದು. ಅದಕ್ಕೂ ಕೆಳಗೆ ಪೈಠಣದ ಜಾಯಕವಾಡಿ ಜಲಾಶಯ, ಮರಾಠವಾಡದ ಜೀವ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮೇಲಿನ ಅಣೆಕಟ್ಟುಗಳಿಂದ ಅಲ್ಲಿಗೆ ನೀರು ಬಿಡುವ ವಿಷಯದಲ್ಲಿ ಎರಡೂ ಕಡೆಯ ರೈತರು ಬೀದಿಗಿಳಿದಿದ್ದಾರೆ, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಗೈಡ್ ಇದನ್ನು ಮುಚ್ಚಿಡದೆ ಹೇಳಿದಳು. ಅವಳ ಮೇಲೆ ನನಗೆ ಗೌರವ ಹೆಚ್ಚಿದ್ದು ಆಗ. ಲೋಟದಲ್ಲಿರುವುದಕ್ಕೆ ಯಾರ ಪಾಲಿನ ನೀರು ಸೇರಿದೆ ಎಂದು ಹೇಳದ ಪ್ರವಾಸ ಅರ್ಧ ಪ್ರವಾಸ.

ಕೃಷ್ಣೆಯ ದಡದಲ್ಲೂ

ಮರಳುವಾಗ ಬಸ್ಸಿನಲ್ಲಿ ಚರ್ಚೆಯೆದ್ದಿತು. ನಮ್ಮಲ್ಲೇಕಿಲ್ಲ ಇಂಥದ್ದು? ಇದೆ. ಕನ್ವಲ್ ಗ್ರೋವರ್ ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಫ್ರೆಂಚ್ ತಳಿಗಳ ತೋಟ ಕಟ್ಟಿದರು; 1992ರಲ್ಲಿ ಅಲ್ಲಿಯ ಮೊದಲ ವೈನ್ ಬಂತು. ಅಂದರೆ ಸುಲಾಗಿಂತ ಮೊದಲೇ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ವೈನ್ ನೀತಿ ತಂದಾಗ ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯ ಹೆಸರೂ ಮುಂದೆ ಬಂತು. ವಿಜಯಪುರ, ಬಾಗಲಕೋಟೆಗಳಲ್ಲಿ ಬಿಸಿಲಿದೆ, ದ್ರಾಕ್ಷಿ ಬಲ್ಲ ಕೈಗಳಿವೆ, ಆಲಮಟ್ಟಿಯ ವಿಶಾಲ ಹಿನ್ನೀರಿದೆ, ಗೋಳಗುಮ್ಮಟವಿದೆ. ಬೆಳಿಗ್ಗೆ ಪಡ ನೋಡಿ, ಒಣದ್ರಾಕ್ಷಿಯ ಶೆಡ್ಡಿನಲ್ಲಿ ಮಣೂಕ ಆಗುವ ಬಗೆ ತಿಳಿದು, ರೈತರ ಮನೆಯಲ್ಲಿ ಜೋಳದ ರೊಟ್ಟಿ ಉಂಡು, ಸಂಜೆ ಕೃಷ್ಣೆಯ ಮೇಲೆ ದೋಣಿಯಲ್ಲಿ ಕೂರುವ ಒಂದು ದಿನವನ್ನು ಯಾರಾದರೂ ಕಟ್ಟಿಕೊಟ್ಟರೆ ಮುಂಬಯಿ ಕನ್ನಡಿಗರು ಮೊದಲು ಹೆಸರು ಬರೆಸುತ್ತೇವೆ. ಹೇಳುವವರು ಕಾಕಾನ ತಮ್ಮಂದಿರಂಥ ಬೆಳೆಗಾರರೇ ಆಗಿರಲಿ. ಗೈಡ್ ಹೇಳಿದ್ದನ್ನೆಲ್ಲ ನಾನು ಬರೆದುಕೊಂಡೆ. ಮಣ್ಣು ಹಿಸುಕಿದ ಕಾಕಾನ ಬೆರಳುಗಳನ್ನು ಮಾತ್ರ ಬರೆದುಕೊಳ್ಳದೆಯೂ ಮರೆತಿಲ್ಲ.

ಭಾಂಡುಪ್ ಮುಟ್ಟಿದಾಗ ರಾತ್ರಿ ಹತ್ತೂವರೆ. ಮರುದಿನ ಬೆಳಿಗ್ಗೆ ಐದಕ್ಕೆ ಪೈಪಿನೊಳಗೆ ಗಾಳಿ ಗೊರಗುಟ್ಟಿತು. ಕೊಡ ಹಿಡಿದು ಹೊರಗೆ ಬಂದೆ. ಕಾಕಾ ಆಗಲೇ ನಲ್ಲಿಯ ಮುಂದೆ ನಿಂತಿದ್ದರು.

“ತ್ರ್ಯಂಬಕದ ನೀರು ಬಂತ ನೋಡವಾ,” ಎಂದರು. ಕೊಡ ತುಂಬಿ ಒಂದು ಹನಿ ಹೊರಚೆಲ್ಲುವ ಮುನ್ನವೇ ನಲ್ಲಿ ತಿರುಗಿಸಿದರು.