ಆಟದ ಕಂಪ್ಯೂಟರ್: ಬಿಡಿಭಾಗ ಕೊಳ್ಳುವ ಮುನ್ನ

ಕಾಫಿ ಕುಯ್ಲು ಮುಗಿದು, ಅಡಿಕೆ ಮಾರಿ, ಕೈಗೆ ನಾಲ್ಕು ಕಾಸು ಬರುವ ಕಾಲದಲ್ಲಿ ಸದಸ್ಯ ಬಾಂಧವರು ಸಂಘದ ಕಚೇರಿಗೆ ಬರುವುದು ವಾಡಿಕೆ. ಗೊಬ್ಬರದ ದರ ವಿಚಾರಿಸಿದ ಮೇಲೆ ಈಚೆಗೆ ಕೆಲವರು ದನಿ ತಗ್ಗಿಸಿ ಇನ್ನೊಂದು ಮಾತು ಕೇಳುತ್ತಾರೆ: "ಹುಡುಗ ಆಟ ಆಡೋ ಕಂಪ್ಯೂಟರ್ ಬೇಕು ಅಂತಾನೆ. ಸಿದ್ಧವಾದದ್ದು ಬೇಡವಂತೆ, ಬಿಡಿಭಾಗ ತಂದು ತಾನೇ ಜೋಡಿಸ್ತಾನಂತೆ. ಏನ್ ಮಾಡೋದು ಸೆಕ್ರೆಟರಿಗಳೇ?" ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹೀಗೆ ನಾಲ್ಕೂ ಕಡೆಯಿಂದ ಬರುತ್ತಿರುವ ಪ್ರಶ್ನೆಯಾದ್ದರಿಂದ ಇಲ್ಲಿ ಬರೆಯುವುದು ಉಚಿತವೆನಿಸಿತು.

ನಾವು ಈ ವಿದ್ಯೆಯಲ್ಲಿ ಪಂಡಿತರಲ್ಲ. ಕೈ ಸುಟ್ಟುಕೊಂಡು ಕಲಿತವರು. ನಮ್ಮ ಮನೆಯ ಹುಡುಗ ಬರೆದುಕೊಟ್ಟ ಪಟ್ಟಿಯಲ್ಲಿ 'ಡಿಡಿಆರ್-5 ರ್ಯಾಮ್' ಎಂದು ಸ್ಪಷ್ಟವಾಗಿತ್ತು. ಅಂಗಡಿಯಲ್ಲಿ ಡಿಡಿಆರ್-4 ಅಗ್ಗಕ್ಕೆ ಸಿಕ್ಕಿತು. ನಾಲ್ಕಕ್ಕೂ ಐದಕ್ಕೂ ಏನು ಮಹಾ ವ್ಯತ್ಯಾಸವೆಂದು ಚೌಕಾಸಿ ಮಾಡಿ ಅದನ್ನೇ ತಂದೆವು. ಮನೆಯಲ್ಲಿ ಕೂರಿಸಲು ಹೋದರೆ ಬೋರ್ಡಿನಲ್ಲಿ ಇಳಿಯಲೇ ಇಲ್ಲ. ಡಬ್ಬಿ ಒಡೆದ ಮಾಲನ್ನು ಅಂಗಡಿಯವರು ವಾಪಸು ಪಡೆಯಲಿಲ್ಲ. ಮೆಣಸು ಮಾರಿದ ಹಣ ಮೇಜಿನ ಮೇಲೆ ಬಿದ್ದಿತ್ತು; ಹುಡುಗ ಮೂರು ದಿನ ಮಾತಾಡಲಿಲ್ಲ. ತಪ್ಪು ಅವನದಾಗಿರಲಿಲ್ಲ, ನಮ್ಮದಾಗಿತ್ತು.

ಪಂಪ್‌ಸೆಟ್ ಕೊಳ್ಳುವಾಗ ನಾವು ಬಾವಿಯ ಆಳ, ನೀರೆತ್ತುವ ಎತ್ತರ, ಮೋಟಾರಿನ ಶಕ್ತಿ, ಪೈಪಿನ ಅಳತೆ ಎಲ್ಲವನ್ನೂ ಒಟ್ಟಿಗೆ ನೋಡುತ್ತೇವೆ. ಒಂದೊಂದೂ ಉತ್ತಮವಾಗಿದ್ದು, ಒಂದಕ್ಕೊಂದು ಹೊಂದದಿದ್ದರೆ ನೀರು ಬಾರದು. ಇಲ್ಲಿಯೂ ಅದೇ ನಿಯಮ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಎಎಂಡಿ ಕಂಪನಿಯದರಲ್ಲಿ ಹಳೆಯದು ಎಎಂ4, 2022ರಲ್ಲಿ ಬಂದದ್ದು ಎಎಂ5. ಇಂಟೆಲ್‌ನ 12, 13 ಮತ್ತು 14ನೇ ತಲೆಮಾರಿನವು ಎಲ್‌ಜಿಎ 1700ಕ್ಕೆ ಸೇರಿದವು. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿನವು ಎಲ್‌ಜಿಎ 1851ಕ್ಕೆ. ಒಂದರದು ಇನ್ನೊಂದಕ್ಕೆ ಕೂರದು. ಸಾಕೆಟ್ ಸರಿಯಿದ್ದರೂ, ಅಂಗಡಿಯಲ್ಲಿ ಬಹುಕಾಲ ಉಳಿದ ಬೋರ್ಡು ಹೊಸ ಪ್ರೊಸೆಸರನ್ನು ಗುರುತಿಸದಿರಬಹುದು. ಅದರ ಬಯಾಸ್ ಹೊಸದೇ ಎಂದು ಕೇಳಿ, ಇಲ್ಲವಾದರೆ ಅಲ್ಲಿಯೇ ಹೊಸದು ಮಾಡಿಸತಕ್ಕದ್ದು.

ರ್ಯಾಮ್

ಎಎಂ4ಕ್ಕೆ ಡಿಡಿಆರ್-4 ಮಾತ್ರ. ಎಎಂ5 ಮತ್ತು ಎಲ್‌ಜಿಎ 1851ಕ್ಕೆ ಡಿಡಿಆರ್-5 ಮಾತ್ರ. ಎಲ್‌ಜಿಎ 1700ರಲ್ಲಿ ಎರಡು ಬಗೆಯ ಬೋರ್ಡುಗಳೂ ಇರುವುದರಿಂದ ಬೋರ್ಡಿನ ಡಬ್ಬಿಯನ್ನೇ ಓದಬೇಕು. ಎರಡಕ್ಕೂ 288 ಕಾಲುಗಳಿದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋದರೆ ಮುರಿದೀತು. 16 ಜಿಬಿ ಬೇಕಾದರೆ 8ರ ಒಂದು ಜೋಡಿ ಕೊಳ್ಳುವುದು ಲೇಸು; ಎರಡು ದಾರಿಯಲ್ಲಿ ಕೆಲಸ ಸಾಗುವುದರಿಂದ ವೇಗ ಹೆಚ್ಚು.

ಗ್ರಾಫಿಕ್ಸ್ ಕಾರ್ಡು ಮತ್ತು ವಿದ್ಯುತ್ ಪೆಟ್ಟಿಗೆ

ಆಟಕ್ಕೆ ಮುಖ್ಯವಾದದ್ದು ಗ್ರಾಫಿಕ್ಸ್ ಕಾರ್ಡು; ಹಣದ ದೊಡ್ಡ ಪಾಲು ಹೋಗುವುದೂ ಇದಕ್ಕೇ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಅಕ್ಷರವಿದ್ದರೆ, ಉದಾಹರಣೆಗೆ 12400ಎಫ್, ಕಾರ್ಡಿಲ್ಲದೆ ಪರದೆಯ ಮೇಲೆ ಚಿತ್ರವೇ ಬಾರದು. ಮಾನಿಟರ್ ಎಷ್ಟರದೆಂದು ಮೊದಲೇ ನಿಶ್ಚಯಿಸಿರಿ. 1920×1080ರ ಸಾಧಾರಣ ಪರದೆಗೆ ಅತಿ ದುಬಾರಿ ಕಾರ್ಡು ಹಾಕುವುದು ಎರಡೆಕರೆ ತೋಟಕ್ಕೆ ಇಪ್ಪತ್ತು ಎಕರೆಯ ಪಂಪ್ ಹಾಕಿದಂತೆ.

ಕಾರ್ಡು ಹೆಚ್ಚು ವಿದ್ಯುತ್ ಎಳೆಯುತ್ತದೆ. 2023ರ ಆರ್‌ಟಿಎಕ್ಸ್ 4060 ಎಂಬ ಕಾರ್ಡು ತಾನೊಂದೇ 115 ವ್ಯಾಟ್ ಬಳಸಿದರೂ, ಇಡೀ ಯಂತ್ರಕ್ಕೆ 550 ವ್ಯಾಟ್‌ನ ಎಸ್‌ಎಂಪಿಎಸ್ ಇರಬೇಕೆಂದು ತಯಾರಕರೇ ಹೇಳುತ್ತಾರೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ನಂಬಬೇಡಿ. ಕಳಪೆಯದು ಸುಟ್ಟರೆ ತಾನೊಂದೇ ಹೋಗದೆ ಬೋರ್ಡು, ಕಾರ್ಡುಗಳನ್ನೂ ಜೊತೆಗೆ ಒಯ್ಯಬಹುದು. ಉಳಿತಾಯ ಬೇಕಾದರೆ ಬಣ್ಣಬಣ್ಣದ ದೀಪಗಳಲ್ಲಿ ಮಾಡಿರಿ, ಇದರಲ್ಲಿ ಬೇಡ.

ಕ್ಯಾಬಿನೆಟ್

ಎಟಿಎಕ್ಸ್ ಬೋರ್ಡು 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ ಸಾಮಾನ್ಯವಾಗಿ 244×244 ಮಿ.ಮೀ. ಬೋರ್ಡು ಹಿಡಿಸಿದರೂ ಕಾರ್ಡಿನ ಉದ್ದ, ಕೂಲರಿನ ಎತ್ತರ ಹಿಡಿಸದೆ ಹೋದಾವು. ಈ ಅಳತೆಗಳೆಲ್ಲ ಡಬ್ಬಿಯ ಮೇಲೋ ಕಂಪನಿಯ ಕೈಪಿಡಿಯಲ್ಲೋ ಇರುತ್ತವೆ.

ನಮ್ಮ ಕಡೆಯ ವಿಶೇಷ ಎಚ್ಚರಿಕೆ

ನಗರದವರ ಪಟ್ಟಿಯಲ್ಲಿ ಕಾಣದ, ನಮಗೆ ಅತ್ಯಗತ್ಯವಾದ ಬಾಬ್ತು ಒಂದಿದೆ. ಸುತ್ತಲ ಪಂಪ್‌ಸೆಟ್‌ಗಳು ಒಮ್ಮೆಲೇ ಓಡಿದಾಗ ನಮ್ಮಲ್ಲಿ ವೋಲ್ಟೇಜ್ ಕುಸಿಯುವುದು, ನಿಂತಾಗ ಏರುವುದು ಎಲ್ಲರೂ ಬಲ್ಲ ಸಂಗತಿ. ಆದ್ದರಿಂದ ಯಂತ್ರದ ಭಾರ ಹೊರುವ ಯುಪಿಎಸ್ ಮತ್ತು ಒಳ್ಳೆಯ ಅರ್ಥಿಂಗ್ ಮೊದಲು, ಕಂಪ್ಯೂಟರ್ ಆಮೇಲೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳುವುದಲ್ಲದೆ ಇಂಟರ್‌ನೆಟ್ ತಂತಿಯನ್ನೂ ಕೀಳಬೇಕು. ಯಂತ್ರವನ್ನು ಅಡಿಕೆ ಮೂಟೆಯ ಪಕ್ಕ ನೆಲದ ಮೇಲೆ ಇಡಬಾರದು. ಧೂಳೂ ತೇವವೂ ಅದರ ಶತ್ರುಗಳು.

ಕೊಳ್ಳುವ ಕ್ರಮ

ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರಸ್ತೆ, ಈ ಸಾಮಾನುಗಳ ಹೆಸರಾಂತ ಪೇಟೆ. ಎರಡು ಮೂರು ಅಂಗಡಿಗಳಲ್ಲಿ ಒಂದೇ ಪಟ್ಟಿಗೆ ದರ ಬರೆಸಿಕೊಳ್ಳಿ. ಚೌಕಾಸಿಯನ್ನು ದರದ ಮೇಲೆ ಮಾಡಿ, ಪಟ್ಟಿಯ ಮೇಲೆ ಮಾಡಬೇಡಿ. ಬಿಲ್ಲಿಲ್ಲದೆ ಕೊಟ್ಟರೆ ಅಗ್ಗವೆಂದು ಆಸೆ ತೋರಿಸುವವರುಂಟು. ಬಿಲ್ಲಿಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ. ಸಾಧ್ಯವಾದರೆ ಅಲ್ಲಿಯೇ ಜೋಡಿಸಿ, ಓಡಿಸಿ ನೋಡಿ ತನ್ನಿರಿ. ರಾತ್ರಿ ಊರಿಗೆ ಬಂದ ಮೇಲೆ ತಪ್ಪು ಕಂಡರೆ ಮರುದಿನದ ಕೆಲಸವೂ ಬಸ್ಸಿನ ಖರ್ಚೂ ನಷ್ಟ.

ಆಟದ ಬಗೆಗೂ ಒಂದು ಮಾತು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಮನೆಯ ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿ ಹೇಳತಕ್ಕದ್ದು. ಉಳಿದಂತೆ, ತನ್ನ ಕೈಯಾರೆ ಜೋಡಿಸಿದ ಯಂತ್ರವನ್ನು ಹುಡುಗರು ಜೋಪಾನವಾಗಿ ನೋಡಿಕೊಳ್ಳುತ್ತಾರೆ, ಕೆಟ್ಟರೆ ರಿಪೇರಿಯನ್ನೂ ಕಲಿಯುತ್ತಾರೆ.

ನಮ್ಮ ಮನೆಯ ಕಂಪ್ಯೂಟರ್ ಮುಂದಿನ ತಿಂಗಳು ಸರಿಯಾದ ರ್ಯಾಮ್ ತಂದ ಮೇಲೆ ಓಡಿತು. ಈಗಲೂ ಹುಡುಗನೇ ಪಟ್ಟಿ ಬರೆದುಕೊಡುತ್ತಾನೆ. ಅದರಲ್ಲಿ ಏನಿದೆಯೋ ಅದನ್ನೇ ನಾವು ತರುತ್ತೇವೆ.