ಸುಳ್ಳು ಹೇಳುವ ಡಿಸ್ಕ್ ನಮಗೇಕೆ ಬೇಕು

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ಒಂದು ಎಕರೆ ಹೊಲವಿದೆ ಎಂದುಕೊಳ್ಳೋಣ. ಅದರ ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ ‘1’ ಎಂಬ ಅಂಕಿ ಇರುತ್ತದೆ. ಅಕ್ಷರರೂಪದಲ್ಲಿ ಬರೆದಿಡುವಾಗ ಕಂಪ್ಯೂಟರಿಗೆ ಅದು 00110001 ಎಂಬ ಎಂಟು ಬಿಟ್‌ಗಳು. ಬಲದಿಂದ ನಾಲ್ಕನೆಯ ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿದರೆ 00111001 ಆಗುತ್ತದೆ, ಎಂದರೆ ‘9’. ಕನ್ನಡ ಅಂಕಿ ಬಳಸಿದರೂ ಬಿಡುಗಡೆಯಿಲ್ಲ. ಯೂನಿಕೋಡ್‌ನಲ್ಲಿ ‘೧’ ಮತ್ತು ‘೯’ರ ನಡುವೆ ಇರುವುದೂ ಒಂದೇ ಬಿಟ್ಟಿನ ಅಂತರ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು, ಕೈಬರಹದ ಪಹಣಿ ಚಲಾವಣೆಯಿಂದ ಹೋಯಿತು. ಅಂದಿನಿಂದ ರೈತರ ಹಕ್ಕಿಗೆ ಆಧಾರವಾಗಿರುವುದು ಎಲ್ಲೋ ಇರುವ ಡಿಸ್ಕಿನ ಮೇಲಿನ ಈ ಬಿಟ್‌ಗಳೇ. ಹಾಗಾಗಿ ಮುಕ್ತ ತಂತ್ರಾಂಶದ ನೆಟ್‌ವರ್ಕ್ ಡಿಸ್ಕ್ ಸರ್ವರ್‌ಗಳಿಗೆ ಈಚೆಗೆ ಬಂದ ಸೌಲಭ್ಯಗಳಲ್ಲಿ ವೇಗ ಹೆಚ್ಚಿಸುವಂಥವಕ್ಕಿಂತ, ಬೇಕೆಂದೇ ತಪ್ಪು ಉತ್ತರ ಕೊಡುವ ಒಂದು ಸೌಲಭ್ಯಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ನೆಟ್‌ವರ್ಕ್ ಬ್ಲಾಕ್ ಡಿವೈಸ್ ಎಂದರೆ ದೂರದ ಯಂತ್ರದಲ್ಲಿರುವ ಡಿಸ್ಕನ್ನು ನಮ್ಮ ಯಂತ್ರದಲ್ಲೇ ಇರುವಂತೆ ಬಳಸುವ ಏರ್ಪಾಡು. ಲಿನಕ್ಸ್‌ಗೆ ಇದನ್ನು ಬರೆದವರು ಝೆಕ್ ದೇಶದ ಪಾವೆಲ್ ಮಾಚೆಕ್, 1997ರಲ್ಲಿ. ಡಿಸ್ಕಿಗೆ ಕಡತ, ಹೆಸರು, ಪಹಣಿ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಾಲಾಗಿ ಜೋಡಿಸಿದ ಬ್ಲಾಕ್‌ಗಳು ಮಾತ್ರ. ಹಳೆಯ ರೂಪದ ಒಂದು ಕೋರಿಕೆ ಬರೀ 28 ಬೈಟ್‌ಗಳದ್ದು: ಓದಬೇಕೋ ಬರೆಯಬೇಕೋ, ಎಲ್ಲಿಂದ, ಎಷ್ಟು, ಇದಕ್ಕೊಂದು ಗುರುತು. ಉತ್ತರದಲ್ಲಿ ಬರುವುದು ಗುರುತು, ದೋಷವಿದ್ದರೆ ಅದರ ಸಂಖ್ಯೆ, ಕೇಳಿದ ಬೈಟ್‌ಗಳು, ಅಷ್ಟೇ. ಈ ಬೈಟ್‌ಗಳು ಅಂದು ಬರೆದಿಟ್ಟವೇ ಹೌದೇ ಎಂದು ತಾಳೆ ನೋಡುವ ಜಾಗ ಅಲ್ಲಿಲ್ಲ. ಡಿಸ್ಕ್ ಹೇಳಿದ್ದನ್ನು ನಂಬುವುದು ಈ ಪದ್ಧತಿಯ ಬುನಾದಿ.

ಇಂಥ ಸರ್ವರ್‌ಗಳಲ್ಲಿ ಒಂದು ಎನ್‌ಬಿಡಿಕಿಟ್. ರೆಡ್ ಹ್ಯಾಟ್‌ನ ರಿಚರ್ಡ್ ಜೋನ್ಸ್ 2013ರಲ್ಲಿ ಆರಂಭಿಸಿದ ಇದು ತಾನಾಗಿ ಡಿಸ್ಕಲ್ಲ. ಡೇಟಾ ಎಲ್ಲಿಂದ ಬರಬೇಕೆಂಬುದನ್ನು ಪ್ಲಗಿನ್ ನಿರ್ಧರಿಸುತ್ತದೆ: ಕಡತದಿಂದಾಗಲಿ, ಯಂತ್ರದ ಮೆಮೊರಿಯಿಂದಾಗಲಿ, ಬೇರೆ ಊರಿನ ಸರ್ವರಿನಿಂದಾಗಲಿ. ಅದರ ಮೇಲೆ ಜರಡಿಗಳಂತೆ ಒಂದರ ಮೇಲೊಂದು ಫಿಲ್ಟರ್‌ಗಳನ್ನು ಇಡಬಹುದು. ಸಂಪರ್ಕ ಕಡಿದರೆ ಮತ್ತೆ ಯತ್ನಿಸುವುದು, ಮುಂದೆ ಬೇಕಾಗುವುದನ್ನು ಮೊದಲೇ ಓದಿಟ್ಟುಕೊಳ್ಳುವುದು, ಗೂಢಲಿಪಿಯಲ್ಲಿರುವ ಡಿಸ್ಕನ್ನು ಬಿಡಿಸಿ ತೋರಿಸುವುದು, ಎಲ್ಲಕ್ಕೂ ಒಂದೊಂದು ಫಿಲ್ಟರ್ ಇದೆ. ಇವೆಲ್ಲ ಉಪಯುಕ್ತ, ಆದರೆ ನಿರೀಕ್ಷಿತ. ಡಿಸ್ಕನ್ನು ಕೆಡಿಸಿ ತೋರಿಸುವ ಫಿಲ್ಟರ್‌ಗಳು ಬೇರೆಯೇ ಜಾತಿಯವು. ಒಂದು ಪ್ರತಿ ಉತ್ತರವನ್ನೂ ತಡಮಾಡುತ್ತದೆ. ಇನ್ನೊಂದು ನೂರರಲ್ಲಿ ಇಷ್ಟು ಕೋರಿಕೆಗೆ ದೋಷ ಎಂದು ಉತ್ತರಿಸುತ್ತದೆ. 2023ರಲ್ಲಿ ಸೇರಿದ್ದು ‘ಈವಿಲ್’. ಡೇಟಾವನ್ನು ಓದುವಾಗ ಅದು ಅಲ್ಲೊಂದು ಇಲ್ಲೊಂದು ಬಿಟ್ಟನ್ನು ತಿರುಗಿಸಿ, ಎಲ್ಲ ಸರಿಯಿದೆ ಎಂದೇ ಒಪ್ಪಿಸಿಬಿಡುತ್ತದೆ. ಕಾಸ್ಮಿಕ್ ಕಿರಣ ತಾಗಿದಂತೆ ಎಲ್ಲೆಂದರಲ್ಲಿ ಬಿಟ್ ತಿರುಗುವುದು, ಕೆಲವು ಜಾಗದ ಬಿಟ್‌ಗಳು ಒಂದೇ ಬೆಲೆಯಲ್ಲಿ ಸಿಕ್ಕಿಕೊಳ್ಳುವುದು, ಒಂದು ತಂತಿಯೇ ಕೆಟ್ಟಂತೆ ಅದರ ಸಾಲಿನಲ್ಲಿ ಬರುವ ಬಿಟ್‌ಗಳೆಲ್ಲ ಒಂದೇ ಬೆಲೆಯಲ್ಲಿ ನಿಂತುಬಿಡುವುದು, ಹೀಗೆ ಮೂರು ಬಗೆಯ ಕೇಡನ್ನು ಅದು ನಟಿಸಬಲ್ಲದು. ಬಿತ್ತನೆ ಸಂಖ್ಯೆ ಎಂಬುದೊಂದನ್ನು ಕೊಟ್ಟರೆ ಅದೇ ಕೇಡನ್ನು ನಾಳೆಯೂ ಹಾಗೆಯೇ ಮರುಕಳಿಸಬಹುದು.

ನಿಜವಾದ ಡಿಸ್ಕ್‌ಗಳಲ್ಲಿ ತಪ್ಪು ತಿದ್ದುವ ಸಂಕೇತಗಳು ಇದ್ದೇ ಇವೆ, ಇಂಥ ಕೇಡು ಪುಸ್ತಕದ ಮಾತು ಎನ್ನುವವರುಂಟು. ಅಂಕಿಅಂಶ ಹಾಗೆ ಹೇಳುವುದಿಲ್ಲ. ಲಕ್ಷ್ಮಿ ಬೈರವಸುಂದರಂ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ 15.3 ಲಕ್ಷ ಡಿಸ್ಕ್‌ಗಳನ್ನು 41 ತಿಂಗಳ ಕಾಲ ಗಮನಿಸಿತ್ತು. ಡಿಸ್ಕ್ ತೆಪ್ಪಗೆ ಕೊಟ್ಟ ಡೇಟಾ, ಅದರಿಂದಲೇ ಲೆಕ್ಕಹಾಕಿ ಬೇರೆಯಾಗಿ ಬರೆದಿಟ್ಟಿದ್ದ ತಾಳೆ ಸಂಖ್ಯೆಗೆ, ಎಂದರೆ ಚೆಕ್‌ಸಮ್‌ಗೆ, ಹೊಂದದ ಪ್ರಕರಣಗಳು 4 ಲಕ್ಷಕ್ಕೂ ಮೀರಿ ಸಿಕ್ಕವು. ಡಿಸ್ಕಿನೊಳಗಿನ ಸಂಕೇತ ಡಿಸ್ಕಿನೊಳಗನ್ನು ಕಾಯುತ್ತದೆ; ಕೇಬಲ್, ಕಂಟ್ರೋಲರ್, ಮೆಮೊರಿ ಅದರ ಎಲ್ಲೆಯಾಚೆ ಉಳಿಯುತ್ತವೆ. ಡಿಸ್ಕಿನ ಪ್ರಕರಣವಲ್ಲದಿದ್ದರೂ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ 2003ರ ಮೇ ತಿಂಗಳ ಚುನಾವಣೆಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಅಭ್ಯರ್ಥಿಯೊಬ್ಬರಿಗೆ ಮತಯಂತ್ರ 4096 ಮತಗಳನ್ನು ಹೆಚ್ಚಾಗಿ ಕೊಟ್ಟಿತು. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವುದೇ 4096. ಒಂದು ಬಿಟ್ ತಿರುಗಿದೆ ಎಂದು ತಜ್ಞರು ತೀರ್ಮಾನಿಸಿದರು. ಅಲ್ಲಿ ತಪ್ಪು ಸಿಕ್ಕಿಬಿದ್ದದ್ದು ಬಂದ ಸಂಖ್ಯೆ ಅಸಾಧ್ಯವಾಗಿದ್ದರಿಂದ. ಗುಂಡ್ಲುಪೇಟೆಯಲ್ಲಿ ಒಂಬತ್ತು ಎಕರೆ ಹೊಲ ಅಸಾಧ್ಯವಲ್ಲ. ಇಂಥ ತಪ್ಪು ಕಣ್ಣಿಗೆ ಬೀಳಬೇಕಾದರೆ ಯಂತ್ರವೇ ಅದನ್ನು ಹಿಡಿಯಬೇಕು.

ಚೆಕ್‌ಸಮ್ ಇದ್ದರೆ ಸಾಲದೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಇದ್ದರೆ ಎಂಬುದೇ ಮೊದಲ ತೊಡಕು. ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಕಡತ ವ್ಯವಸ್ಥೆಗಳು ಡೇಟಾಕ್ಕೂ ಚೆಕ್‌ಸಮ್ ಇಡುತ್ತವೆ. ಬಹಳ ಕಡೆ ಬಳಕೆಯಲ್ಲಿರುವ ಎಕ್ಸ್ಟ್4 ಇಡುವುದು ತನ್ನ ಸ್ವಂತ ಲೆಕ್ಕಪತ್ರಕ್ಕೆ ಮಾತ್ರ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಡೇಟಾ ಚೆಕ್‌ಸಮ್ ಬಂದದ್ದು 2013ರಲ್ಲಿ, ಕೇಳದೆಯೇ ಚಾಲೂ ಆಗಿರುವಂತೆ ಮಾಡಿದ್ದು 2025ರಲ್ಲಿ. ಹನ್ನೆರಡು ವರ್ಷ ಅದು ಕೇಳಿದವರಿಗಷ್ಟೇ ಸಿಗುವ ಕಾವಲಾಗಿತ್ತು. ಎರಡನೆಯ ತೊಡಕು ಇನ್ನೂ ಆಳದ್ದು. ಚೆಕ್‌ಸಮ್ ತಪ್ಪಿದಾಗ ಏನು ಮಾಡಬೇಕೆಂಬ ಕೋಡ್ ಓಡುವುದು ವರ್ಷಕ್ಕೊಮ್ಮೆಯೋ ಎಂದೂ ಇಲ್ಲವೋ. ಎಂದೂ ಓಡದ ಕೋಡ್ ಸರಿಯಿದೆ ಎಂದು ಯಾರು ಹೇಳಬೇಕು? ಬೇಕೆಂದಾಗ ಕೆಡುವ ಡಿಸ್ಕ್ ಅಂಗಡಿಯಲ್ಲಿ ಸಿಗುವುದಿಲ್ಲ. ಆ ಕೊರತೆಯನ್ನು ತುಂಬುವುದೇ ಈವಿಲ್ ಫಿಲ್ಟರಿನ ಕೆಲಸ.

ಪಹಣಿಯ ತಪ್ಪುಗಳಲ್ಲಿ ಹೆಚ್ಚಿನವು ಮನುಷ್ಯರ ಕೈಯಿಂದಾದವು, ಯಂತ್ರದ ಬಿಟ್ ಹಿಡಿದು ಕೂರುವುದೇಕೆ ಎಂದು ಕೇಳಬಹುದು. ಹೆಸರಿನ ಕಾಗುಣಿತ ತಪ್ಪಿದ್ದು, ವಿಸ್ತೀರ್ಣ ತಾಳೆಯಾಗದ್ದು, ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಅಲೆದದ್ದು, ಇವು ರೈತರಿಗೆ ನಿತ್ಯದ ಸಂಕಟ. ಅವುಗಳ ಮುಂದೆ ಬಿಟ್ ತಿರುಗುವುದು ಅಪರೂಪ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ತಪ್ಪಾಗಿ ತುಂಬಿದ 9ನ್ನು ಚೆಕ್‌ಸಮ್ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ ಎಂಬುದೂ ನಿಜ. ಆದರೆ ಮನುಷ್ಯರ ತಪ್ಪಿಗೆ ಜಾಡು ಇರುತ್ತದೆ. ಮ್ಯುಟೇಷನ್ ನಂಬರ್, ಅರ್ಜಿ, ಸಹಿ, ತಾರೀಖು ಸಿಗುತ್ತವೆ. ತಹಶೀಲ್ದಾರರ ಮುಂದೆ ತೋರಿಸಲು ಕಾಗದ ಇರುತ್ತದೆ. ತಾನಾಗಿ ತಿರುಗಿದ ಬಿಟ್ಟಿಗೆ ಮ್ಯುಟೇಷನ್ ಇಲ್ಲ, ಪ್ರಶ್ನಿಸಲು ಆಸಾಮಿಯೂ ಇಲ್ಲ. ‘ಸರ್ವರ್ ಡೌನ್’ ಎಂದರೆ ಒಂದು ದಿನದ ಬಸ್ ಚಾರ್ಜು ಹೋಗುತ್ತದೆ, ಆದರೆ ತೊಂದರೆ ಇದೆ ಎಂದಾದರೂ ಗೊತ್ತಾಗುತ್ತದೆ. ಸದ್ದಿಲ್ಲದ ತಪ್ಪು ಬ್ಯಾಕಪ್‌ಗೂ ನಕಲಾಗುತ್ತದೆ. ಕೆಲವು ತಿಂಗಳಲ್ಲಿ ಹಳೆಯ ಬ್ಯಾಕಪ್ ಅಳಿಸಿ ಹೋದ ಮೇಲೆ ಸರಿಯಾದ ಪ್ರತಿಯೇ ಎಲ್ಲೂ ಉಳಿದಿರುವುದಿಲ್ಲ.

ಕೇಡು ಮಾಡುವ ಉಪಕರಣವನ್ನು ಎಲ್ಲರ ಕೈಗೂ ಕೊಡುವುದು ಅಪಾಯವಲ್ಲವೇ ಎಂಬ ಭಯ ಸಹಜ. ಈ ಫಿಲ್ಟರ್ ತಾನಾಗಿ ಬಂದು ಕೂರುವುದಿಲ್ಲ, ಹೆಸರು ಹಿಡಿದು ಕರೆಯಬೇಕು. ಅದು ಕೆಡಿಸುವುದು ಓದಿ ಕೊಡುವ ಪ್ರತಿಯನ್ನು; ಕೆಳಗಿರುವ ಮೂಲ ಡೇಟಾ ಹಾಗೆಯೇ ಇರುತ್ತದೆ. ಪರೀಕ್ಷೆಯನ್ನು ನಿಜವಾದ ಪಹಣಿಯ ಮೇಲೆ ಮಾಡಬೇಕಾದ್ದೂ ಇಲ್ಲ. ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪಿನ ಮೆಮೊರಿಯಲ್ಲೇ ಒಂದು ಡಿಸ್ಕ್ ಸೃಷ್ಟಿಸಿ, ಕಾಲ್ಪನಿಕ ಪಹಣಿಗಳನ್ನು ತುಂಬಿ, ಈವಿಲ್ ಹಚ್ಚಿ, ಡೇಟಾಬೇಸ್ ಎಷ್ಟು ತಪ್ಪನ್ನು ಹಿಡಿಯಿತು ಎಂದು ಎಣಿಸಬಹುದು. ಆ ಮೆಮೊರಿ ಡಿಸ್ಕ್ 80 ಲಕ್ಷ ಟೆರಾಬೈಟಿನದೆಂದು ಹೇಳಿಕೊಳ್ಳಬಲ್ಲದು, ಬಳಸಿದಷ್ಟಕ್ಕೆ ಮಾತ್ರ ಜಾಗ ಹಿಡಿಯುತ್ತದೆ. ಲೈಸೆನ್ಸಿಗೆ ದುಡ್ಡಿಲ್ಲ, ಕೋಡ್ ತೆರೆದೇ ಇದೆ. ದೊಡ್ಡ ಸಂಗ್ರಹ ಯಂತ್ರ ಮಾರುವ ಕಂಪನಿಗಳ ಪ್ರಯೋಗಶಾಲೆಯಲ್ಲಿದ್ದಂಥ ಸಾಮರ್ಥ್ಯ ಹೀಗೆ ಜಿಲ್ಲೆಯ ಕಾಲೇಜಿಗೆ ಬರುವುದನ್ನು ನಾನು ಸಣ್ಣ ಸಂಗತಿ ಎನ್ನಲಾರೆ.

ಸಾರ್ವಜನಿಕ ದಾಖಲೆಗಳ ತಂತ್ರಾಂಶ ಕೊಳ್ಳುವಾಗ ಸರ್ವರ್ ವರ್ಷದಲ್ಲಿ ಶೇಕಡಾ ಎಷ್ಟು ಹೊತ್ತು ಚಾಲೂ ಇರಬೇಕೆಂದು ಷರತ್ತು ಹಾಕುವುದು ರೂಢಿ. ಆ ಷರತ್ತಿನ ಪಕ್ಕದಲ್ಲೇ ಇನ್ನೊಂದನ್ನು ಬರೆಯಬಹುದು: ಈವಿಲ್ ಫಿಲ್ಟರಿನ ಮೂರೂ ಬಗೆಯ ಕೇಡಿನಲ್ಲಿ, ಬಿತ್ತನೆ ಸಂಖ್ಯೆಯನ್ನು ಬಹಿರಂಗಪಡಿಸಿ, ಇಡೀ ಡೇಟಾಬೇಸನ್ನೂ ಅದರ ಬ್ಯಾಕಪ್ಪನ್ನೂ ಓದಿಸಬೇಕು, ತಿರುಗಿಸಿದ ಬಿಟ್‌ಗಳೆಷ್ಟು, ಹಿಡಿದದ್ದೆಷ್ಟು ಎಂಬ ವರದಿ ಕೊಡಬೇಕು, ಹಿಡಿಯದೆ ಬಿಟ್ಟದ್ದು ಒಂದೇ ಇದ್ದರೂ ಅನುತ್ತೀರ್ಣ. ಸಂಖ್ಯೆ ಬಹಿರಂಗವಾಗಿದ್ದರೆ ಅದೇ ಪರೀಕ್ಷೆಯನ್ನು ಹೊರಗಿನವರೂ ಮರಳಿ ಮಾಡಿ ಫಲಿತಾಂಶ ತಾಳೆ ನೋಡಬಹುದು.