ಥ್ರಾಟಲ್ ಸೆನ್ಸಾರ್ ದೋಷ: ಬದಲಿಸುವ ಮೊದಲು ಪರೀಕ್ಷಿಸಿ

ಧಾರವಾಡ ಜಿಲ್ಲೆಯಲ್ಲಿ ಮುಂಗಾರಿ ಬಿತ್ತನೆಗೆ ಸಿಗುವ ಹದದ ದಿನಗಳು ಬೆರಳೆಣಿಕೆಯಷ್ಟು ಮಾತ್ರ. ಆ ದಿನಗಳಲ್ಲಿಯೇ ಬೀಜ, ಗೊಬ್ಬರ ಮತ್ತು ಆಳುಗಳು ಹೊಲವನ್ನು ಮುಟ್ಟಬೇಕು. ಕಲಘಟಗಿ ತಾಲೂಕಿನ ತಂಬೂರಿನಂತಹ ಗ್ರಾಮಗಳಲ್ಲಿ ಈ ಸಾಗಾಣಿಕೆಗೆ ರೈತರು ಹಳೆಯ ಕಾರು, ಓಮ್ನಿ ಅಥವಾ ಪಿಕಪ್ ವಾಹನಗಳನ್ನೇ ಅವಲಂಬಿಸಿರುವುದು ಸಾಮಾನ್ಯ. ನೇಗಿಲು, ಕೂರಿಗೆಗಳಂತೆ ವಾಹನವೂ ಇಂದು ಒಂದು ಕೃಷಿ ಉಪಕರಣ. ಅದು ಕೈಕೊಟ್ಟರೆ ಹದವೂ ಕೈತಪ್ಪುತ್ತದೆ.

ಇಂತಹ ವಾಹನಗಳಲ್ಲಿ ಆಗಾಗ ಕಂಡುಬರುವ ಒಂದು ತೊಂದರೆ ಎಂದರೆ ಥ್ರಾಟಲ್ ಪೊಸಿಷನ್ ಸೆನ್ಸಾರಿನ ದೋಷ. ಮೆಕ್ಯಾನಿಕರು ಇದನ್ನು ಟಿ.ಪಿ.ಎಸ್. ಎಂದು ಕರೆಯುತ್ತಾರೆ. ಈ ದೋಷ ಕಂಡೊಡನೆ ಸೆನ್ಸಾರನ್ನೇ ಬದಲಿಸುವ ರೂಢಿ ಹೆಚ್ಚಾಗಿದೆ. ಸೋಯಾಅವರೆಯ ಎಲೆ ಹಳದಿಯಾದ ತಕ್ಷಣ ಯೂರಿಯಾ ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಹೊಲದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿದ್ದರೆ ಯೂರಿಯಾದಿಂದ ಪ್ರಯೋಜನವಿಲ್ಲ. ತಂತಿ ಕಡಿದಿದ್ದರೆ ಹೊಸ ಸೆನ್ಸಾರಿನಿಂದಲೂ ಪ್ರಯೋಜನವಿಲ್ಲ. ಆದುದರಿಂದ ಮೊದಲು ಪರೀಕ್ಷೆ, ಆಮೇಲೆ ಖರ್ಚು ಎಂಬ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸೆನ್ಸಾರ್ ಮಾಡುವ ಕೆಲಸ

ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ತಿರುಗುವ ಒಂದು ದುಂಡು ತಗಡು ಇರುತ್ತದೆ. ಇದೇ ಥ್ರಾಟಲ್. ಎಕ್ಸಿಲರೇಟರ್ ಒತ್ತಿದಾಗ ಇದು ತೆರೆಯುತ್ತದೆ, ಬಿಟ್ಟಾಗ ಮುಚ್ಚುತ್ತದೆ. ಮಲಪ್ರಭಾ ಕಾಲುವೆಯ ತೂಬಿಗೆ ಇದನ್ನು ಹೋಲಿಸಬಹುದು. ತೂಬು ಎಷ್ಟು ತೆರೆದಿದೆ ಎಂದು ನೀರುಗಂಟಿಯು ಮೇಲಿನವರಿಗೆ ವರದಿ ಕೊಡುವಂತೆ, ಥ್ರಾಟಲ್ ಎಷ್ಟು ತೆರೆದಿದೆ ಎಂಬುದನ್ನು ಸೆನ್ಸಾರು ವಾಹನದ ಗಣಕಕ್ಕೆ, ಅಂದರೆ ಇ.ಸಿ.ಯು.ಗೆ ತಿಳಿಸುತ್ತದೆ. ಇ.ಸಿ.ಯು. ಈ ವರದಿಯನ್ನೂ ಇತರ ಸೆನ್ಸಾರುಗಳ ವರದಿಯನ್ನೂ ನೋಡಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುತ್ತದೆ. ವರದಿ ತಪ್ಪಾದರೆ ತೂಬು ಸರಿಯಿದ್ದರೂ ಲೆಕ್ಕ ತಪ್ಪುತ್ತದೆ.

ಸಾಮಾನ್ಯ ಸೆನ್ಸಾರಿಗೆ ಮೂರು ತಂತಿಗಳಿರುತ್ತವೆ. ಒಂದರಲ್ಲಿ ಇ.ಸಿ.ಯು.ನಿಂದ 5 ವೋಲ್ಟ್ ಬರುತ್ತದೆ. ಇನ್ನೊಂದು ಅರ್ಥ್ ತಂತಿ. ಮೂರನೆಯದು ವರದಿ ಒಯ್ಯುವ ಸಿಗ್ನಲ್ ತಂತಿ. ಹಳೆಯ ಮಾದರಿಯ ಸೆನ್ಸಾರಿನೊಳಗೆ ಇಂಗಾಲದ ಪಟ್ಟಿಯ ಮೇಲೆ ಒಂದು ಚಿಕ್ಕ ಲೋಹದ ಕಡ್ಡಿ ಜಾರುತ್ತದೆ. ರೇಡಿಯೋದ ಧ್ವನಿ ಏರಿಸುವ ಗುಂಡಿಯಲ್ಲಿಯೂ ಇದೇ ವ್ಯವಸ್ಥೆ. ಬಹಳ ವರ್ಷ ಬಳಸಿದ ಗುಂಡಿ ತಿರುಗಿಸುವಾಗ ಕರಕರ ಸದ್ದು ಮಾಡುವಂತೆ, ಕಡ್ಡಿ ಹೆಚ್ಚು ಓಡಾಡಿದ ಜಾಗದಲ್ಲಿ ಪಟ್ಟಿ ಸವೆದು ಸಿಗ್ನಲ್ ತಪ್ಪುತ್ತದೆ. ಹೊಸ ವಾಹನಗಳಲ್ಲಿ ಅಯಸ್ಕಾಂತದ ನೆರವಿನಿಂದ, ಉಜ್ಜಾಟವಿಲ್ಲದೆ ಕೆಲಸ ಮಾಡುವ ಸೆನ್ಸಾರುಗಳೂ ಇವೆ.

ಯಾವ ವಾಹನದಲ್ಲಿ ಯಾವ ವ್ಯವಸ್ಥೆ?

1. ಕಾರ್ಬುರೇಟರ್ ಇರುವ ಹಳೆಯ ವಾಹನಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ. 1983ರಲ್ಲಿ ಬಂದ ಮೊದಲ ಮಾರುತಿ 800 ಕಾರುಗಳು ಈ ಬಗೆಯವು.

2. ನಂತರ ಬಂದ ಎಂ.ಪಿ.ಎಫ್.ಐ. ವಾಹನಗಳಲ್ಲಿ ಪೆಡಲಿನಿಂದ ಥ್ರಾಟಲಿಗೆ ಕೇಬಲ್ ಇದ್ದು, ಥ್ರಾಟಲಿನ ಪಕ್ಕದಲ್ಲಿ ಸೆನ್ಸಾರ್ ಇರುತ್ತದೆ. ಮಾರುತಿ 800 ತಯಾರಿಕೆ 2014ರಲ್ಲಿ, ಓಮ್ನಿ ತಯಾರಿಕೆ 2019ರಲ್ಲಿ ನಿಂತಿದ್ದರೂ ಹಳ್ಳಿಗಳಲ್ಲಿ ಇವು ಇಂದಿಗೂ ಓಡುತ್ತಿವೆ. ರೈತರು ಸ್ವತಃ ಪರೀಕ್ಷಿಸಲು ಈ ಬಗೆಯೇ ಸುಲಭ.

3. ಇತ್ತೀಚಿನ ಕಾರುಗಳಲ್ಲಿ ಕೇಬಲ್ ಇಲ್ಲ. ಪೆಡಲಿನಲ್ಲಿ ಎರಡು, ಥ್ರಾಟಲಿನಲ್ಲಿ ಎರಡು ಸೆನ್ಸಾರುಗಳಿದ್ದು ಚಿಕ್ಕ ಮೋಟಾರು ಥ್ರಾಟಲನ್ನು ತಿರುಗಿಸುತ್ತದೆ. ಎರಡು ಸೆನ್ಸಾರುಗಳ ವರದಿ ತಾಳೆಯಾಗದಿದ್ದರೆ ಇ.ಸಿ.ಯು. ಎಂಜಿನ್ನಿನ ಶಕ್ತಿಯನ್ನು ತಾನೇ ತಗ್ಗಿಸುತ್ತದೆ.

4. ಇ.ಸಿ.ಯು. ಇರುವ ಡೀಸೆಲ್ ವಾಹನಗಳಲ್ಲಿ ಪೆಡಲ್ ಸೆನ್ಸಾರಿನ ವರದಿಯಂತೆ ಡೀಸೆಲ್ ಪ್ರಮಾಣ ನಿರ್ಧಾರವಾಗುತ್ತದೆ. 2023ರ ಜನವರಿಯಿಂದ 50 ಅಶ್ವಶಕ್ತಿಗೂ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಈ ವ್ಯವಸ್ಥೆ ಹೊಲಕ್ಕೂ ಬಂದಿದೆ. ಹಳೆಯ ಪಂಪಿನ ಟ್ರ್ಯಾಕ್ಟರುಗಳಲ್ಲಿ ಇದಿಲ್ಲ.

ದೋಷದ ಲಕ್ಷಣಗಳು

ಎಕ್ಸಿಲರೇಟರ್ ಒತ್ತಿದಾಗ ಎಂಜಿನ್ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುವುದು, ಒಂದೇ ವೇಗದಲ್ಲಿ ಹೋಗುವಾಗ ಜರ್ಕ್ ಹೊಡೆಯುವುದು, ನಿಂತಲ್ಲಿ ಎಂಜಿನ್ನಿನ ವೇಗ ಏರಿಳಿಯುವುದು ಅಥವಾ ಆರಿಹೋಗುವುದು, ಪಿಕಪ್ ಇಲ್ಲದಿರುವುದು, ಮೈಲೇಜ್ ಕುಸಿಯುವುದು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುವುದು. ಇವು ಮುಖ್ಯ ಲಕ್ಷಣಗಳು. ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಗೋವಿನಜೋಳ ಹೇರಿಕೊಂಡು ಹೋಗುವಾಗ, ಮುಂದಿನ ಲಾರಿಯನ್ನು ದಾಟುವ ಹೊತ್ತಿನಲ್ಲಿ ಎಂಜಿನ್ ಶಕ್ತಿ ಕಳೆದುಕೊಂಡರೆ ಪ್ರಾಣಕ್ಕೇ ಅಪಾಯ. ಆದುದರಿಂದ ಈ ಲಕ್ಷಣಗಳು ಕಂಡ ವಾಹನದಲ್ಲಿ ಹೇರು ಹೇರುವುದನ್ನೂ ಇನ್ನೊಂದು ವಾಹನವನ್ನು ದಾಟುವುದನ್ನೂ ನಿಲ್ಲಿಸಬೇಕು.

ಆದರೆ ಇದೇ ಲಕ್ಷಣಗಳು ಬೇರೆ ಕಾರಣಗಳಿಂದಲೂ ಬರುತ್ತವೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು. ಥ್ರಾಟಲಿನ ಸುತ್ತ ಮಸಿ ಕೂತಿರಬಹುದು. ರಬ್ಬರ್ ಪೈಪು ಬಿರಿದು ಗಾಳಿ ಸೋರುತ್ತಿರಬಹುದು. ಪೆಟ್ರೋಲ್ ಫಿಲ್ಟರ್ ಕಟ್ಟಿರಬಹುದು. ಪೆಡಲಿನ ಕೆಳಗೆ ಮ್ಯಾಟ್ ಸಿಕ್ಕಿಕೊಂಡಿರಲೂಬಹುದು. ಮೊದಲು ಇವುಗಳನ್ನು ನೋಡುವುದು ಸೂಕ್ತ, ಇದಕ್ಕೆ ಖರ್ಚಿಲ್ಲ.

ಕೋಡ್ ಹೇಳುವುದೇನು?

ಇತ್ತೀಚಿನ ವರ್ಷಗಳ ಬಹುತೇಕ ವಾಹನಗಳಲ್ಲಿ ಸ್ಟಿಯರಿಂಗ್ ಕೆಳಗಡೆ 16 ಕಿಂಡಿಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಜೋಡಿಸಿದರೆ ಇ.ಸಿ.ಯು. ದಾಖಲಿಸಿಕೊಂಡ ದೋಷದ ಕೋಡ್ ಸಿಗುತ್ತದೆ. ಪಿ 0121 ಎಂದರೆ ಸಿಗ್ನಲ್ ಇತರ ವರದಿಗಳಿಗೆ ಹೊಂದುತ್ತಿಲ್ಲ. ಪಿ 0122 ಎಂದರೆ ಸಿಗ್ನಲ್ ತೀರ ಕಡಿಮೆ. ಪಿ 0123 ಎಂದರೆ ತೀರ ಹೆಚ್ಚು. ಥ್ರಾಟಲಿನ ಎರಡು ಸೆನ್ಸಾರುಗಳು ತಾಳೆಯಾಗದಿದ್ದರೆ ಪಿ 2135, ಪೆಡಲಿನವು ತಾಳೆಯಾಗದಿದ್ದರೆ ಪಿ 2138 ಬರುವುದು ಸಾಮಾನ್ಯ.

ಇಲ್ಲಿ ಒಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ಕೋಡ್ ದೋಷವಿರುವ ಮಾರ್ಗವನ್ನು ತೋರಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಮಾರ್ಗ ಎಂದರೆ ಸೆನ್ಸಾರು, ಅದರ ಕನೆಕ್ಟರ್, ಮೂರು ತಂತಿಗಳು ಮತ್ತು ಇ.ಸಿ.ಯು. ಎಲ್ಲವೂ ಸೇರಿ. ಕೋಡ್ ನೋಡಿ ಸೆನ್ಸಾರ್ ತರಿಸುವುದು ಸರಿಯಾದ ಕ್ರಮವಲ್ಲ.

ಪರೀಕ್ಷಿಸುವ ಕ್ರಮ

ಕೇಬಲ್ ಇರುವ, ಮೂರು ತಂತಿಯ ಸೆನ್ಸಾರಿಗೆ ಈ ಕ್ರಮ ಅನ್ವಯಿಸುತ್ತದೆ. ಇದಕ್ಕೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ವಾಹನವನ್ನು ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಬೇಕು.

1. ಕಣ್ಣಿನ ಪರೀಕ್ಷೆ: ಕೀಲಿ ತೆಗೆದು ಕನೆಕ್ಟರ್ ಬಿಚ್ಚಿ ನೋಡಬೇಕು. ಒಳಗೆ ಹಸಿರು ಕಿಲುಬು, ನೀರು, ಮಣ್ಣು ಇದೆಯೇ? ಲಾಕ್ ಮುರಿದು ಕನೆಕ್ಟರ್ ಸಡಿಲವಾಗಿದೆಯೇ? ತಂತಿಯನ್ನು ಇಲಿ ಕಡಿದಿದೆಯೇ? ಕಾಳು, ಹೊಟ್ಟು ಶೇಖರಿಸಿದ ಜಾಗದಲ್ಲಿ ನಿಲ್ಲಿಸುವ ವಾಹನಗಳಲ್ಲಿ ಇಲಿಯ ಕಾಟ ವಿಶೇಷ. ನೋಡಿದ ನಂತರ ಕನೆಕ್ಟರನ್ನು ಮೊದಲಿನಂತೆ ಜೋಡಿಸಬೇಕು.

2. 5 ವೋಲ್ಟ್ ಪರೀಕ್ಷೆ: ಕೀಲಿ ಆನ್ ಮಾಡಬೇಕು, ಎಂಜಿನ್ ಚಾಲೂ ಮಾಡಬಾರದು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ ಹಿಡಿದು, ಕೆಂಪು ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ ಒಂದೊಂದೇ ತಂತಿಗೆ ಮುಟ್ಟಿಸಬೇಕು. ಒಂದು ತಂತಿಯಲ್ಲಿ ಸುಮಾರು 5 ವೋಲ್ಟ್ ಸಿಗಬೇಕು. ಯಾವ ತಂತಿ ಯಾವುದು ಎಂಬುದನ್ನು ಆ ಮಾದರಿಯ ವೈರಿಂಗ್ ನಕ್ಷೆ ನೋಡಿ ಖಚಿತಪಡಿಸಿಕೊಳ್ಳಬೇಕು.

3. ಅರ್ಥ್ ಪರೀಕ್ಷೆ: ಅರ್ಥ್ ತಂತಿಯಲ್ಲಿ 0.1 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಹೆಚ್ಚು ತೋರಿಸಿದರೆ ಅರ್ಥ್ ಸರಿಯಿಲ್ಲ.

4. ಸಿಗ್ನಲ್ ಪರೀಕ್ಷೆ: ಥ್ರಾಟಲ್ ಮುಚ್ಚಿದಾಗ ಸಾಮಾನ್ಯವಾಗಿ 0.5ರಿಂದ 1 ವೋಲ್ಟ್, ಪೂರ್ತಿ ತೆರೆದಾಗ 4ರಿಂದ 4.5 ವೋಲ್ಟ್ ಇರುತ್ತದೆ. ಒಬ್ಬರು ಪೆಡಲನ್ನು ಅತಿ ನಿಧಾನವಾಗಿ ಒತ್ತುತ್ತಿರುವಾಗ ಮತ್ತೊಬ್ಬರು ಮೀಟರ್ ನೋಡಬೇಕು. ವೋಲ್ಟ್ ಒಂದೇ ಸಮನೆ ಏರಬೇಕು. ನಡುವೆ ಹಠಾತ್ತಾಗಿ ಬಿದ್ದರೆ ಅಥವಾ ಜಿಗಿದರೆ ಆ ಜಾಗದಲ್ಲಿ ಪಟ್ಟಿ ಸವೆದಿದೆ. ಕ್ಷಣಮಾತ್ರದ ಇಳಿತವನ್ನು ಡಿಜಿಟಲ್ ಮೀಟರ್ ತೋರಿಸದೇ ಇರಬಹುದು. ಮುಳ್ಳಿನ ಮೀಟರಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

5. ಅಲುಗಾಡಿಸುವ ಪರೀಕ್ಷೆ: ಪೆಡಲ್ ಮುಟ್ಟದೆ ತಂತಿಗಳನ್ನು ಮೆಲ್ಲಗೆ ಅಲುಗಾಡಿಸಬೇಕು. ಸಿಗ್ನಲ್ ಬದಲಾದರೆ ದೋಷ ತಂತಿಯಲ್ಲಿ ಅಥವಾ ಕನೆಕ್ಟರಿನಲ್ಲಿದೆ. ಕೆಟ್ಟ ರಸ್ತೆಯಲ್ಲಿ ಮಾತ್ರ ತೊಂದರೆ ಕೊಡುವ ವಾಹನಕ್ಕೆ ಈ ಪರೀಕ್ಷೆ ಅವಶ್ಯ.

ಫಲಿತಾಂಶದ ಅರ್ಥ

5 ವೋಲ್ಟ್ ಬರದಿದ್ದರೆ: ತಂತಿ ಕಡಿದಿರಬಹುದು. ಇದೇ 5 ವೋಲ್ಟನ್ನು ಹಂಚಿಕೊಂಡಿರುವ ಮತ್ತೊಂದು ಸೆನ್ಸಾರು ಕೆಟ್ಟು ಎಲ್ಲವನ್ನೂ ಕೆಳಗೆಳೆದಿರಲೂಬಹುದು. ಅಂತಹ ಸೆನ್ಸಾರುಗಳನ್ನು ಕೀಲಿ ತೆಗೆದು ಒಂದೊಂದಾಗಿ ಬಿಚ್ಚಿ, ಮತ್ತೆ ಕೀಲಿ ಹಾಕಿ ಅಳೆದು ನೋಡಬೇಕು.

5 ವೋಲ್ಟ್ ಮತ್ತು ಅರ್ಥ್ ಸರಿಯಿದ್ದು ಸಿಗ್ನಲ್ ತಪ್ಪಿದರೆ: ಸೆನ್ಸಾರ್ ಕೆಟ್ಟಿರುವ ಸಂಭವ ಹೆಚ್ಚು. ಆದರೆ ಸಿಗ್ನಲ್ ತಂತಿ ಎಲ್ಲಿಯೂ ಬಾಡಿಗೆ ತಾಗುತ್ತಿಲ್ಲ ಎಂಬುದನ್ನು ಮೊದಲು ನೋಡಬೇಕು.

ಮೂರೂ ಸರಿಯಿದ್ದು ಕೋಡ್ ಮತ್ತೆ ಬಂದರೆ: ಸೆನ್ಸಾರಿನಿಂದ ಇ.ಸಿ.ಯು.ವರೆಗಿನ ಸಿಗ್ನಲ್ ತಂತಿಯನ್ನು ಪರೀಕ್ಷಿಸಬೇಕು.

ಉದಾಹರಣೆಗೆ, ತಂಬೂರಿನ ರೈತರೊಬ್ಬರ ಓಮ್ನಿಯಲ್ಲಿ ಪಿ 0123 ಕೋಡ್ ಬಂದಿದೆ ಎಂದಿಟ್ಟುಕೊಳ್ಳೋಣ. ಪೆಡಲ್ ಒತ್ತಿದರೂ ಬಿಟ್ಟರೂ ಸಿಗ್ನಲ್ ತಂತಿಯಲ್ಲಿ 5 ವೋಲ್ಟ್ ಇದೆ. ನೋಡಿದವರು ಸೆನ್ಸಾರ್ ಕೆಟ್ಟಿದೆ ಎನ್ನುತ್ತಾರೆ. ಆದರೆ ಅರ್ಥ್ ತಂತಿಯನ್ನು ಅಳೆದಾಗ ಅಲ್ಲಿಯೂ ಹೆಚ್ಚುಕಡಿಮೆ 5 ವೋಲ್ಟ್ ಇದೆ. ಅಂದರೆ ಅರ್ಥ್ ತಂತಿ ಎಲ್ಲಿಯೋ ಕಡಿದಿದೆ. ಹರಿದುಹೋಗಲು ದಾರಿಯಿಲ್ಲದ ಕಾಲುವೆಯ ನೀರಿನಂತೆ ವೋಲ್ಟ್ ಎಲ್ಲೆಡೆ ಒಂದೇ ಮಟ್ಟದಲ್ಲಿ ನಿಂತಿದೆ. ಇಲ್ಲಿ ಎಷ್ಟು ಹೊಸ ಸೆನ್ಸಾರ್ ಹಾಕಿದರೂ ಕೋಡ್ ಹೋಗುವುದಿಲ್ಲ. ಇಲಿ ಕಡಿದ ಒಂದು ತಂತಿಯನ್ನು ಜೋಡಿಸಿದರೆ ಸಾಕು.

ಪರಿಹಾರ ಕ್ರಮಗಳು

1. ಕನೆಕ್ಟರಿನ ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ತೆಗೆದು ಪೂರ್ತಿ ಒಣಗಿಸಬೇಕು. ಪೆಟ್ರೋಲ್, ಸೀಮೆಎಣ್ಣೆ, ಉಪ್ಪುಕಾಗದ ಬಳಸಬಾರದು.

2. ಕಡಿದ ತಂತಿಯನ್ನು ಬರಿ ಹೊಸೆದು ಟೇಪ್ ಸುತ್ತಿದರೆ ಮಳೆಗಾಲದಲ್ಲಿ ಮತ್ತೆ ಕೆಡುತ್ತದೆ. ಬ್ಯಾಟರಿ ಬಿಚ್ಚಿ, ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗುವ ಕೊಳವೆಯಿಂದ ಮುಚ್ಚಬೇಕು.

3. ಸೆನ್ಸಾರೇ ಕೆಟ್ಟಿದ್ದರೆ ಅದೇ ಮಾದರಿಯದನ್ನು ಹಾಕಬೇಕು. ಸ್ಕ್ರೂ ಕಿಂಡಿ ಉದ್ದವಾಗಿದ್ದು ಸೆನ್ಸಾರ್ ಅತ್ತಿತ್ತ ತಿರುಗುವಂತಿದ್ದರೆ, ಬಿಚ್ಚುವ ಮೊದಲು ಹಳೆಯ ಸ್ಥಾನವನ್ನು ಗುರುತು ಮಾಡಿಕೊಂಡು, ಹೊಸದನ್ನು ಕೈಪಿಡಿಯಲ್ಲಿರುವ ವೋಲ್ಟಿಗೆ ಹೊಂದಿಸಿ ಬಿಗಿ ಮಾಡಬೇಕು.

4. ಕೇಬಲ್ ಇಲ್ಲದ ವಾಹನಗಳಲ್ಲಿ ಅನೇಕ ಸಲ ಸೆನ್ಸಾರ್ ಪ್ರತ್ಯೇಕವಾಗಿ ಸಿಗುವುದಿಲ್ಲ. ಇಡೀ ಥ್ರಾಟಲ್ ಅಥವಾ ಪೆಡಲ್ ಬದಲಿಸಿ, ಸ್ಕ್ಯಾನರ್ ಮೂಲಕ ಇ.ಸಿ.ಯು.ಗೆ ಪರಿಚಯಿಸಬೇಕಾಗಬಹುದು. ಇದು ನುರಿತ ಮೆಕ್ಯಾನಿಕರ ಕೆಲಸ. ದುಬಾರಿ ಭಾಗವಾದುದರಿಂದ, ತಂತಿ ಮತ್ತು ಕನೆಕ್ಟರುಗಳನ್ನು ಮೊದಲು ಅಳೆದು ತೋರಿಸುವಂತೆ ರೈತರು ಕೇಳುವುದರಲ್ಲಿ ತಪ್ಪಿಲ್ಲ.

5. ಕೊನೆಯಲ್ಲಿ ಕೋಡ್ ಅಳಿಸಿ, ಖಾಲಿ ವಾಹನವನ್ನು ಓಡಿಸಿ, ಕೋಡ್ ಮರಳಿ ಬಂದಿಲ್ಲ ಎಂದು ಖಚಿತಪಡಿಸಿಕೊಂಡ ನಂತರವೇ ಹೇರು ಹೇರಬೇಕು.

ಎಚ್ಚರಿಕೆಗಳು

* ಮೋಟಾರಿನಿಂದ ತಿರುಗುವ ಥ್ರಾಟಲಿನೊಳಗೆ ಕೀಲಿ ಆನ್ ಇರುವಾಗ ಬೆರಳು ಹಾಕಬಾರದು. ತಗಡು ಹಠಾತ್ತಾಗಿ ಮುಚ್ಚಿ ಬೆರಳಿಗೆ ಗಾಯವಾಗುತ್ತದೆ.

* ಸೆನ್ಸಾರ್ ತಂತಿಗಳನ್ನು ಬಲ್ಬಿನ ಟೆಸ್ಟರಿನಿಂದ ಪರೀಕ್ಷಿಸಬಾರದು. 12 ವೋಲ್ಟ್ ತಾಗಿಸಬಾರದು. ಇ.ಸಿ.ಯು. ಸುಟ್ಟರೆ ನಷ್ಟ ಹಲವು ಪಟ್ಟು.

* ತಂತಿಯ ಹೊದಿಕೆಗೆ ಸೂಜಿ ಚುಚ್ಚಿ ಅಳೆಯಬಾರದು. ಆ ರಂಧ್ರದಿಂದ ನೀರು ಇಳಿದು ತಂತಿ ಒಳಗೇ ಕಿಲುಬು ಹಿಡಿಯುತ್ತದೆ.

ಮುಂಜಾಗ್ರತೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಮಣ್ಣಿನ ಕೆಸರನ್ನು ತೊಳೆಯುವಾಗ ಎಂಜಿನ್ನಿನ ಮೇಲೆ ಜೋರಾಗಿ ನೀರು ಹಾಯಿಸಬಾರದು. ಸುಗ್ಗಿಯಲ್ಲಿ ಒಕ್ಕಣೆಯ ಹೊಟ್ಟು, ಧೂಳು ಸೇರುವುದರಿಂದ ಏರ್ ಫಿಲ್ಟರನ್ನು ಮೇಲಿಂದ ಮೇಲೆ ನೋಡಬೇಕು. ವಾಹನವನ್ನು ಕಾಳಿನ ಚೀಲಗಳಿಂದ ದೂರ ನಿಲ್ಲಿಸಿ, ವಾರಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ಇಲಿಯ ಗುರುತು ಇದೆಯೇ ಎಂದು ಪರಿಶೀಲಿಸಬೇಕು. ರೋಹಿಣಿ ಮಳೆಗೆ ಮೊದಲೇ, ಕೂರಿಗೆ ಸಜ್ಜುಗೊಳಿಸುವ ದಿನಗಳಲ್ಲಿಯೇ ಈ ಪರೀಕ್ಷೆಗಳನ್ನು ಮುಗಿಸಿಕೊಂಡರೆ ಬಿತ್ತನೆಯ ಹೊತ್ತಿಗೆ ವಾಹನ ಸಿದ್ಧವಿರುತ್ತದೆ.

ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವುದನ್ನು ರೈತ ಬಾಂಧವರು ಈಗಾಗಲೇ ರೂಢಿಸಿಕೊಂಡಿದ್ದಾರೆ. ವಾಹನದ ವಿಷಯದಲ್ಲಿಯೂ ಇದೇ ನಿಯಮ ಪಾಲಿಸಿ, 5 ವೋಲ್ಟ್, ಅರ್ಥ್, ಸಿಗ್ನಲ್ ಈ ಮೂರನ್ನು ಅಳೆದ ಮೇಲೆಯೇ ಬಿಡಿಭಾಗ ಕೊಂಡಲ್ಲಿ ಹಣವೂ ಹದವೂ ಉಳಿಯುತ್ತವೆ.